ತಿರುವಿಗೆ ಮುಂಚಿನ ಸದ್ದು: ಕಾಫಿ ತೋಟದ ರ‍್ಯಾಲಿಗೆ ಹೊರಟವರಿಗೆ

ಕಾಫಿ ತೋಟದ ರ‍್ಯಾಲಿ ನೋಡಲು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹಳ್ಳ ದಾಟುವ ಜಾಗದಲ್ಲೇ ಹೋಗಿ ನಿಲ್ಲುತ್ತಾರೆ. ಕಾರು ನೀರಿಗೆ ಇಳಿಯುತ್ತದೆ, ಆಳೆತ್ತರಕ್ಕೆ ಕೆಸರು ಹಾರುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಹತ್ತು ಕಾರು ಹೋಗುವಷ್ಟರಲ್ಲಿ ‘ಎಲ್ಲಾ ಒಂದೇ ಥರ’ ಎಂದು ಊಟಕ್ಕೆ ಹೊರಡುತ್ತಾರೆ. ಒಂದೇ ಥರ ಕಾಣದೆ ಇನ್ನೇನು? ನೀರಿನಲ್ಲಿ ಎಂಥ ಚಾಲಕನೂ ವೇಗ ತಗ್ಗಿಸಲೇಬೇಕು. ದಿಬ್ಬದಿಂದ ಕಾರು ಹಾರುವ ಜಾಗದ್ದೂ ಅದೇ ಕಥೆ. ನಾಲ್ಕೂ ಚಕ್ರ ಗಾಳಿಯಲ್ಲಿರುವಾಗ ಚಾಲಕನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮಾಡಬೇಕಾದ್ದನ್ನೆಲ್ಲ ಅವನು ಐವತ್ತು ಮೀಟರ್ ಹಿಂದೆಯೇ ಮಾಡಿ ಮುಗಿಸಿರುತ್ತಾನೆ. ರಸಿಕರು ನಿಲ್ಲಬೇಕಾದ್ದು ಆ ಐವತ್ತು ಮೀಟರ್ ಪಕ್ಕದಲ್ಲಿ. ಅಲ್ಲಿಗೆ ಯಾರೂ ಬರುವುದಿಲ್ಲ ಎಂಬುದೇ ನನ್ನ ಸಂಕಟ.

ಕಾರು ಪಲ್ಟಿಯಾದರೆ ಚಪ್ಪಾಳೆ ತಟ್ಟುವವರೂ ಇದ್ದಾರೆ. ಅವರಿಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ.

ಒಳ್ಳೆಯ ರ‍್ಯಾಲಿ ನೋಡಲು ಫಿನ್ಲೆಂಡಿನ ಕಾಡಿಗೇ ಹೋಗಬೇಕು ಅನ್ನುವ ಗೆಳೆಯರು ನನಗಿದ್ದಾರೆ. ಯುವಾಸ್ಕುಲಾ ಸುತ್ತಲಿನ ಆ ಕಾಡುದಾರಿಗಳ ವೇಗವೇ ಬೇರೆ, ಒಪ್ಪುತ್ತೇನೆ. ಆದರೆ ಚಿಕ್ಕಮಗಳೂರಿನಲ್ಲಿ, ಕೊಡಗಿನ ವಿರಾಜಪೇಟೆ ಕಡೆ, ಸಿಲ್ವರ್ ಓಕ್ ಮರಗಳ ನಡುವಿನ ತೋಟದ ರಸ್ತೆಗಳು ಕಿವಿಗೆ ಕೊಡುವಷ್ಟನ್ನು ಬಯಲಿನ ರಸ್ತೆ ಎಂದೂ ಕೊಡಲಾರದು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತೇ ಚಿಕ್ಕಮಗಳೂರಿಗೆ ಬಂದಿತ್ತು. 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಇದೇ ಕೆಂಪು ಮಣ್ಣಿನ ಮೇಲೆ ಓಡಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಯವರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಇನ್ನು ವಿಷಯಕ್ಕೆ ಬರುತ್ತೇನೆ. ರ‍್ಯಾಲಿಯನ್ನು ಮೊದಲು ಕೇಳಬೇಕು, ಆಮೇಲೆ ನೋಡಬೇಕು.

ಕಾಲೇಜಿನ ದಿನಗಳಲ್ಲಿ ನನಗೂ ಇದು ತಿಳಿದಿರಲಿಲ್ಲ. ಎಸ್ಟೀಮ್, ಜಿಪ್ಸಿ ಕಾರುಗಳ ಕಾಲ. ಚಿಕ್ಕಮಗಳೂರಿನ ತೋಟವೊಂದರಲ್ಲಿ ನಾನು ನಿಂತಿದ್ದ ರಸ್ತೆಬದಿಯ ಧರೆಯ ಮೇಲಿಂದ ಕಾಣುತ್ತಿದ್ದುದು ಅಂಗೈಯಗಲದ ರಸ್ತೆ. ಕಾರು ಫಕ್ಕನೆ ಕಂಡು ಫಕ್ಕನೆ ಮಾಯ. ಬೇಸರವಾಗಿ ಬೇರೆ ಕಡೆ ಹೊರಟಾಗ ಅಲ್ಲಿದ್ದ ಮಾರ್ಷಲ್ ತಡೆದರು. ಹಿಂದೆ ತಾವೇ ಚಾಲಕನ ಪಕ್ಕ ನ್ಯಾವಿಗೇಟರ್ ಆಗಿ ಕೂತಿದ್ದ ಹಿರಿಯರು. “ಎಲ್ಲಿಗೆ ಹೋಗ್ತೀಯ ಮಾರಾಯಾ? ಮುಂದಿನ ಕಾರು ಬರ್ತಾ ಇದೆ. ಅವನು ಎಲ್ಲಿ ಎಕ್ಸಲೇಟರ್ ಬಿಟ್ಟ ಅಂತ ಹೇಳು ನೋಡುವ.” ನಾನು ಕಿವಿಗೊಟ್ಟೆ. ದೂರದಲ್ಲಿ ಎಂಜಿನ್ ಏರುತ್ತಾ ಬಂದು ಸಟ್ಟನೆ ಕಡಿಯಿತು. ಜಲ್ಲಿ ಕೆರೆದ ಸದ್ದು, ಎರಡು ಗೇರ್ ಇಳಿದ ಸದ್ದು, ಆಮೇಲೆ ಮತ್ತೆ ಎಂಜಿನ್. “ಆ ದೊಡ್ಡ ಬಸರಿ ಮರದ ಹತ್ತಿರ ಬಿಟ್ಟ” ಅಂದೆ. “ಸರಿ. ಈಗ ಇನ್ನೊಬ್ಬನ್ನ ಕೇಳು.” ಮುಂದಿನ ಕಾರು ಬಸರಿ ಮರ ದಾಟಿದರೂ ಸದ್ದು ಕಡಿಯಲಿಲ್ಲ. ತಿರುವಿನ ಬಾಯಿಗೇ ಬಂದು ಕಡಿಯಿತು, ಉಸಿರೆಳೆಯುವಷ್ಟರಲ್ಲಿ ಮತ್ತೆ ಹತ್ತಿಕೊಂಡಿತು. ಹಿರಿಯರು ನನ್ನ ಮುಖ ನೋಡಿ ನಕ್ಕರು. ಅಂದು ಸಂಜೆಯವರೆಗೆ ನಾನು ಆ ಧರೆ ಬಿಟ್ಟು ಕದಲಲಿಲ್ಲ.

ಎಂಜಿನ್ ಕಡಿದು ಮತ್ತೆ ಹತ್ತಿಕೊಳ್ಳುವವರೆಗಿನ ಆ ಬಿಡುವು ಇದೆಯಲ್ಲ, ರ‍್ಯಾಲಿಯ ರಸವೆಲ್ಲ ಅದರೊಳಗಿದೆ. ಅದು ತಿರುವಿಗೆ ಎಷ್ಟು ಹತ್ತಿರ ಶುರುವಾಯಿತು, ಎಷ್ಟು ಉದ್ದವಿತ್ತು, ಒಂದೇ ಸಲಕ್ಕೆ ಮುಗಿಯಿತೇ ಅಥವಾ ಮಧ್ಯೆ ತಡವರಿಸಿತೇ ಅನ್ನುವುದನ್ನು ಹಿಡಿಯಿರಿ. ಬೇಗ ಬಿಟ್ಟು, ಸ್ವಲ್ಪ ಒತ್ತಿ, ಮತ್ತೆ ಬಿಟ್ಟರೆ ಚಾಲಕನಿಗೆ ಅನುಮಾನ ಬಂದಿದೆ ಎಂದರ್ಥ. ತಡವಾಗಿ ಬಿಟ್ಟು ಆಮೇಲೆ ಬಹಳ ಹೊತ್ತು ಸದ್ದಿಲ್ಲದಿದ್ದರೆ ಕಾರು ಅಗಲಕ್ಕೆ ಜಾರಿಹೋಗಿದೆ. ತಡವಾಗಿ ಬಿಟ್ಟು ಬೇಗ ಹಿಡಿದವನ ಹೆಸರು ಬರೆದಿಟ್ಟುಕೊಳ್ಳಿ.

ಆ ಬಿಡುವಿನಲ್ಲಿ ನಡೆಯುವುದು ಭಾರದ ಆಟ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಗ ಅವು ಸಡಿಲ ಜಲ್ಲಿಯನ್ನು ಕೊರೆದು ಗಟ್ಟಿ ನೆಲ ಹಿಡಿಯುತ್ತವೆ, ಹಿಂಭಾಗ ಹಗುರಾಗಿ ಸುತ್ತಿ ಬರುತ್ತದೆ. ಹೀಗೆ ಕಾರಿನ ಮೂತಿ ತಿರುವಿಗಿಂತ ಮೊದಲೇ ತಿರುಗಿರಬೇಕು. ಇದಕ್ಕಾಗಿ ಕೆಲವರು ಮೊದಲು ಎದುರು ದಿಕ್ಕಿಗೆ ಒಮ್ಮೆ ಎಳೆದು, ಆ ತೂಗಾಟದಲ್ಲೇ ಒಳಕ್ಕೆ ಎಸೆಯುತ್ತಾರೆ. ಸ್ವೀಡನ್, ಫಿನ್ಲೆಂಡಿನವರು ಲೋಕಕ್ಕೆ ಕಲಿಸಿದ ವಿದ್ಯೆ ಅದು. ಮುಂದಿನ ಚಕ್ರ ಎಳೆಯುವ ಕಾರುಗಳಿಗೆ ಇನ್ನೊಂದು ಉಪಾಯವಿದೆ: ಬಲಗಾಲು ಎಕ್ಸಲೇಟರ್ ಮೇಲೇ ಇರುವಾಗ ಎಡಗಾಲಿನಿಂದ ಬ್ರೇಕ್ ಒತ್ತುವುದು. ಸಾಬ್ ಓಡಿಸಿದ ಎರಿಕ್ ಕಾರ್ಲ್‌ಸನ್, 1967ರಲ್ಲಿ ಮಿನಿಯಲ್ಲಿ ಮಾಂಟೆ ಕಾರ್ಲೊ ಗೆದ್ದ ರೌನೊ ಆಲ್ಟೊನೆನ್ ಇದನ್ನು ಪಳಗಿಸಿಕೊಂಡಿದ್ದವರು. ನಮ್ಮ ತೋಟಗಳಲ್ಲಿ ಎಡಗಾಲು ಬಳಸುವವರನ್ನು ಕಿವಿಯಿಂದಲೇ ಹಿಡಿಯಬಹುದು. ಅವರ ಎಂಜಿನ್ ಪೂರ್ತಿ ಕಡಿಯುವುದೇ ಇಲ್ಲ, ಅದುಮಿ ಹಿಡಿದ ಹಾಗೆ ಗುರುಗುಟ್ಟುತ್ತಾ ತಿರುವಿನೊಳಗೆ ಹೋಗುತ್ತದೆ. ರಾಷ್ಟ್ರೀಯ ರ‍್ಯಾಲಿಯಲ್ಲಿ ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನ ಕಾರುಗಳೇ ಬಹಳ ಇರುವುದರಿಂದ ಸದ್ದು ಶುದ್ಧವಾಗಿರುತ್ತದೆ, ಕಲಿಯುವವರಿಗೆ ಇದು ಅನುಕೂಲ. ಸೈಲೆನ್ಸರಿನಿಂದ ಢಂ ಢಂ ಎಂದು ಸಿಡಿಯುವ ಕಾರಿಗೆ ಹುಡುಗರು ಕೇಕೆ ಹಾಕುತ್ತಾರೆ. ಸಂಗೀತ ಕಚೇರಿಗೆ ಹೋಗಿ ತನಿ ಆವರ್ತನಕ್ಕೆ ಮಾತ್ರ ಎಚ್ಚರವಾಗುವವರ ಜಾತಿ ಅದು.

ಇನ್ನೂ ಸೂಕ್ಷ್ಮವಾದದ್ದು ನ್ಯಾವಿಗೇಟರನ ಕೆಲಸ. ಅದು ಕಾರಿನೊಳಗಿನ ಗುಟ್ಟು, ಹೊರಗೆ ನಿಂತವರಿಗೆ ದಕ್ಕುವುದಿಲ್ಲ ಎಂದು ಬಲ್ಲವರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರ‍್ಯಾಲಿಗೆ ಮುಂಚೆ ರೆಕ್ಕಿಯಲ್ಲಿ ಇಬ್ಬರೂ ನಿಧಾನವಾಗಿ ಆ ದಾರಿಯಲ್ಲಿ ಹೋಗಿ ಪ್ರತಿ ತಿರುವು, ದಿಬ್ಬ, ಕಲ್ಲು, ಮೋರಿ ಬರೆದುಕೊಂಡಿರುತ್ತಾರೆ. ಪೈಪೋಟಿಯ ದಿನ ನ್ಯಾವಿಗೇಟರ್ ಅದನ್ನು ಓದುತ್ತಾನೆ, ಚಾಲಕ ಕಾಣದ ದಾರಿಗೆ ಕಾರು ನುಗ್ಗಿಸುತ್ತಾನೆ. ನೀವು ಒಂದು ಕುರುಡು ದಿಬ್ಬ ಹುಡುಕಿಕೊಳ್ಳಿ. ಅದರಾಚೆ ರಸ್ತೆ ಎಡಕ್ಕೋ ಬಲಕ್ಕೋ ಎಂದು ಏರುವವನ ಕಣ್ಣಿಗೆ ಗೊತ್ತಾಗಬಾರದು. ಆ ಏರಿನಲ್ಲಿ ಯಾರ ಎಂಜಿನ್ ತಗ್ಗಿತು, ಯಾರದು ತಗ್ಗಲಿಲ್ಲ ಕೇಳಿ. ತಗ್ಗದವನು ಪಕ್ಕದಲ್ಲಿ ಕೂತವನ ಮಾತನ್ನು ತನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದಾನೆ. ರಾಷ್ಟ್ರೀಯ ರ‍್ಯಾಲಿಗಳಲ್ಲಿ ಗಿಲ್ ಪಕ್ಕ ಕೂತು ಓದಿದ ಕಾಸರಗೋಡಿನ ಮೂಸಾ ಶರೀಫ್ ಎಂಥ ನ್ಯಾವಿಗೇಟರ್ ಎಂದು ನನಗೆ ಗೊತ್ತಾದದ್ದು ಅಂಥ ದಿಬ್ಬದ ಬಳಿ. ರಾಷ್ಟ್ರೀಯ ಚಾಂಪಿಯನ್ನರಾದ ಕರ್ಣ ಕಡೂರ್–ನಿಖಿಲ್ ಪೈ ಜೋಡಿ ಹಾದುಹೋದಾಗಲೂ ಕೇಳಬೇಕಾದ್ದು ಇದನ್ನೇ. ಪತ್ರಿಕೆಗಳು ಚಾಲಕನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ನ್ಯಾವಿಗೇಟರನನ್ನು ಮರೆಯುವುದು ನನಗೆ ಸಹಿಸದ ಅನ್ಯಾಯ.

ದಿನದ ಯೋಜನೆ ಇಷ್ಟರಿಂದಲೇ ಹುಟ್ಟುತ್ತದೆ. ಒಂದೇ ಸ್ಟೇಜ್, ಅಂದರೆ ಸಮಯ ಅಳೆದು ಓಡಿಸುವ ಒಂದೇ ರಸ್ತೆ ತುಂಡು; ಅದರಲ್ಲಿ ಒಂದೇ ತಿರುವು. ಮೂರು ಸ್ಟೇಜ್ ನೋಡಿಬಿಡುತ್ತೇವೆ ಎಂದು ಹೊರಟವರು ದಿನವಿಡೀ ತಮ್ಮ ಕಾರಿನಲ್ಲೇ ಕೂತಿರುತ್ತಾರೆ. ಮೊದಲ ಕಾರಿಗೆ ಬಹಳ ಮುಂಚೆಯೇ ದಾರಿ ಮುಚ್ಚುತ್ತಾರೆ, ಆದ್ದರಿಂದ ಬೆಳಕು ಹರಿಯುವಾಗಲೇ ಅಲ್ಲಿರಿ. ತೋಟದೊಳಗೆ ಫೋನ್ ಸಿಗ್ನಲ್ ನಂಬಬೇಡಿ, ವೇಳಾಪಟ್ಟಿ ಕಾಗದದಲ್ಲಿರಲಿ. ಬುತ್ತಿ, ನೀರು, ಧೂಳಿಗೆ ಒಂದು ಟವೆಲ್. ಮಳೆ ಬಿದ್ದಿದ್ದರೆ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಕಾಫಿ ಗಿಡದ ರೆಂಬೆ ಮುರಿಯಬೇಡಿ. ತೋಟದವರು ದಾರಿ ಬಿಟ್ಟುಕೊಟ್ಟಿದ್ದರಿಂದಲೇ ರ‍್ಯಾಲಿ ನಡೆಯುತ್ತಿದೆ.

ನಿಲ್ಲುವ ಜಾಗದ ವಿಷಯದಲ್ಲಿ ಮಾತ್ರ ಕಡಕ್ಕಾಗಿ ಹೇಳುತ್ತೇನೆ. ತಿರುವಿನ ಒಳಬದಿ, ರಸ್ತೆಗಿಂತ ಎತ್ತರದ ಧರೆ, ರಸ್ತೆಯಿಂದ ಸಾಕಷ್ಟು ಹಿಂದೆ. ಹೊರಬದಿ ಎಂದೂ ಬೇಡ, ಹಿಡಿತ ತಪ್ಪಿದ ಕಾರು ಹೋಗುವುದೇ ಅತ್ತ. ಕೂರಬೇಡಿ, ಬೆನ್ನು ಹಾಕಬೇಡಿ. ನಿಮ್ಮ ಹಿಂದೆ ಓಡಲು ದಾರಿ ಇರಲಿ. ಮಾರ್ಷಲ್ ಸರಿಯಿರಿ ಅಂದರೆ ಮರುಮಾತಿಲ್ಲದೆ ಸರಿಯಿರಿ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ಲಿನ ಸಿಂಟ್ರಾ ಬಳಿ ಜನ ರಸ್ತೆಯ ಮೇಲೇ ನಿಂತು ಓಡುವ ಕಾರನ್ನು ಮುಟ್ಟಲು ಕೈ ಚಾಚುತ್ತಿದ್ದರು. ಒಂದು ಕಾರು ಗುಂಪಿಗೆ ನುಗ್ಗಿ ಮೂವರು ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್, ಸೆರ್ಜಿಯೊ ಕ್ರೆಸ್ಟೊ ಜೋಡಿಯ ಸಾವು. ಆ ಕಾಲದ ಅತಿವೇಗದ ಗ್ರೂಪ್ ಬಿ ಕಾರುಗಳ ಆಟವೇ ಆ ವರ್ಷಕ್ಕೆ ನಿಂತಿತು. 2019ರಲ್ಲಿ ನಮ್ಮ ರಾಜಸ್ಥಾನದಲ್ಲೂ, ರ‍್ಯಾಲಿಗೆ ಮುಚ್ಚಿದ ದಾರಿಗೆ ಬಂದ ಬೈಕಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ಹೋದರು. ‘ಇನ್ನೂ ಟೈಮಿದೆ, ದಾಟಿಬಿಡೋಣ’ ಅನ್ನುವ ಮಾತು ತೋಟದಲ್ಲಿ ನನ್ನ ಕಿವಿಗೆ ಬಿದ್ದರೆ ರಕ್ತ ಕುದಿಯುತ್ತದೆ. ಜನ ತಪ್ಪು ಜಾಗದಲ್ಲಿ ನಿಂತರೆ ಸ್ಟೇಜನ್ನೇ ರದ್ದು ಮಾಡುತ್ತಾರೆ. ವರ್ಷವಿಡೀ ದುಡ್ಡು ಕೂಡಿಸಿ ಬಂದ ಹುಡುಗರ ಓಟ ಅಲ್ಲಿಗೆ ಮುಗಿಯಿತು.

ಮೊದಲು ಓಡುವವನಿಗೆ ನಷ್ಟ ಹೆಚ್ಚು ಎಂಬುದೂ ತಿಳಿದಿರಲಿ. ಒಣ ದಾರಿಯಲ್ಲಿ ಅವನು ಸಡಿಲ ಜಲ್ಲಿಯನ್ನು ಗುಡಿಸಿಕೊಟ್ಟು ಹೋಗುತ್ತಾನೆ, ಹಿಂದಿನವರಿಗೆ ಹಿಡಿತ ಸಿಗುತ್ತದೆ. ಮಳೆಯಲ್ಲಿ ಲೆಕ್ಕ ತಿರುವುಮುರುವು. ಹಿಂದಿನವರ ಪಾಲಿಗೆ ಚಕ್ರದ ಜಾಡು ಬಿದ್ದ ಕೆಸರು.

ಬೆಳಗಿನ ಸ್ಟೇಜನ್ನು ಸಾಮಾನ್ಯವಾಗಿ ಮಧ್ಯಾಹ್ನ ಇನ್ನೊಮ್ಮೆ ಓಡಿಸುತ್ತಾರೆ. ಮೊದಲ ಸುತ್ತು ಮುಗಿದರೆ ಜಾಗ ಬಿಡಬೇಡಿ, ಬುತ್ತಿ ಬಿಚ್ಚಿ. ಕೊನೆಯ ಕಾರಿನ ಹಿಂದೆ ದಾರಿ ಖಾಲಿಯಾಯಿತೆಂದು ನೋಡಿಕೊಳ್ಳುವ ಸ್ವೀಪರ್ ಗಾಡಿ ಹೋಗಿ, ಮಾರ್ಷಲ್ ಒಪ್ಪಿದರೆ, ತಿರುವಿನ ಬಾಯಿಗೆ ಇಳಿದು ನೆಲ ನೋಡಿ. ಬ್ರೇಕಿನ ಗೆರೆಗಳು ಬೇರೆ ಬೇರೆ ಕಡೆ ಶುರುವಾಗಿರುತ್ತವೆ, ಒಳಬದಿಯ ಮಣ್ಣು ಕಿತ್ತು ಕೆಳಗಿನ ಕಲ್ಲು ಎದ್ದಿರುತ್ತದೆ. ಬೆಳಿಗ್ಗೆ ಓದಿದ ನೋಟ್ಸಿಗೂ ಈ ದಾರಿಗೂ ಈಗ ಪೂರ್ತಿ ಹೊಂದುವುದಿಲ್ಲ. ಮಧ್ಯಾಹ್ನ ಅದೇ ಧರೆಯ ಮೇಲೆ ನಿಂತು ಯಾರ ಬಿಡುವು ಉದ್ದವಾಯಿತು, ಯಾರದು ಬೆಳಗಿನಷ್ಟೇ ಉಳಿಯಿತು ಎಂದು ಕಾರಿನ ನಂಬರ್ ಸಮೇತ ಗುರುತು ಹಾಕಿಕೊಳ್ಳಿ. ಸಂಜೆ ಕಾರುಗಳನ್ನು ರಿಪೇರಿ ಮಾಡುವ ಸರ್ವಿಸ್ ಪಾರ್ಕಿಗೆ ಹೋಗಿ, ಸ್ಟೇಜಿನ ಸಮಯದ ಪಟ್ಟಿಯ ಜೊತೆ ನಿಮ್ಮ ಚೀಟಿಯನ್ನು ತಾಳೆ ನೋಡಿ.