ಸರಬರಾಜಿನ ಆಟವೂ ರೇಷ್ಮೆಗೂಡಿನ ಮಾರುಕಟ್ಟೆಯೂ

ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿದ್ದು ಒಂದು ಕ್ರೀಡನೀಯಕವನ್ನು, ಎಂದರೆ ಆಟದ ವಸ್ತುವನ್ನು. ಅದರಿಂದ ಹುಟ್ಟಿದ್ದು ನಾಟ್ಯವೇದ. ಆಟವೂ ಉಪದೇಶವೂ ಒಂದೇ ಬಸಿರಿನಿಂದ ಬಂದವುಗಳೆಂಬುದು ನಮ್ಮ ಪ್ರಾಚೀನರ ಮತವಾಗಿದ್ದಿತು. ಹಾಗಿರುವಾಗ ವಾಣಿಜ್ಯ ವಿದ್ಯಾಶಾಲೆಗಳಲ್ಲಿ ಈಗ ಬಹಳವಾಗಿ ಬಳಕೆಗೆ ಬಂದಿರುವ ತಂಡದ ಆಟಗಳನ್ನು ಲೆಕ್ಕಪತ್ರದವರಿಗೆ ಬಿಟ್ಟುಕೊಟ್ಟು ಸಾಹಿತ್ಯದ ಅಧ್ಯಾಪಕರು ಸುಮ್ಮನಿರಬೇಕಾದುದಿಲ್ಲ. ಅವುಗಳಲ್ಲಿ ಪಾತ್ರಗಳಿವೆ, ಸನ್ನಿವೇಶವಿದೆ, ಸೂತ್ರಧಾರನಿದ್ದಾನೆ. ವಸ್ತುವೇನು, ರಂಗದ ಮೇಲೆ ಬಂದವರು ಯಾರು, ಬಾರದೆ ಉಳಿದವರು ಯಾರು ಎಂದು ನಾಟಕವನ್ನು ಕೇಳುವಂತೆ ಅವುಗಳನ್ನೂ ಕೇಳಬಹುದು.

ಸರಕು ಹುಟ್ಟಿದಲ್ಲಿಂದ ಕೊಳ್ಳುವವನ ಕೈಸೇರುವವರೆಗಿನ ವ್ಯವಸ್ಥೆಯನ್ನು ಕಲಿಸುವ ಆಟಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದುದು ಬಿಯರ್ ಆಟ. ಇದು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಜೇ ಫಾರೆಸ್ಟರನ ಬಳಗದವರಿಂದ 1960ರ ಸುಮಾರಿಗೆ ರೂಪುಗೊಂಡಿತು. ಪಾತ್ರಗಳು ನಾಲ್ಕು: ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ಹಂಚಿಕೆದಾರ, ಕಾರ್ಖಾನೆಯವನು. ಆರಂಭದಲ್ಲಿ ಒಬ್ಬೊಬ್ಬನ ಬಳಿಯೂ 12 ಪೆಟ್ಟಿಗೆ ದಾಸ್ತಾನು. ವಾರಕ್ಕೊಮ್ಮೆ ಕೆಳಗಿನವನಿಂದ ಬೇಡಿಕೆಯ ಚೀಟಿ ಬರುವುದು. ಇದ್ದುದನ್ನು ಕೊಟ್ಟು, ತನ್ನ ಬೇಡಿಕೆಯನ್ನು ಬರೆದು ಮೇಲಿನವನಿಗೆ ಕಳುಹಿಸಬೇಕು. ಚೀಟಿ ಮೇಲೇರುವುದಕ್ಕೂ ಸರಕು ಕೆಳಗಿಳಿಯುವುದಕ್ಕೂ ವಾರಗಳು ಹಿಡಿಯುತ್ತವೆ. ಪೆಟ್ಟಿಗೆಯೊಂದು ಕೊಠಡಿಯಲ್ಲಿ ಒಂದು ವಾರ ಉಳಿದರೆ ಅರ್ಧ ಡಾಲರು ನಷ್ಟ. ಕೊಡಬೇಕಾದುದನ್ನು ಕೊಡದೆ ಬಾಕಿಯುಳಿಸಿಕೊಂಡರೆ ಒಂದು ಡಾಲರು. ಆಟಗಾರರು ಪರಸ್ಪರ ಮಾತನಾಡಕೂಡದು. ಗ್ರಾಹಕನಿಗೆ ಎಷ್ಟು ಬೇಕಾಗಿದೆಯೆಂಬುದು ಚಿಲ್ಲರೆಯವನೊಬ್ಬನಿಗೆ ಹೊರತು ಮತ್ತಾರಿಗೂ ತಿಳಿಯದು.

ಇಷ್ಟರಿಂದ ನಡೆಯುವ ಅನಾಹುತವು ಆಶ್ಚರ್ಯಕರವಾದುದು. ಗ್ರಾಹಕನ ಬೇಡಿಕೆಯು ಮೊದಲ ನಾಲ್ಕು ವಾರ ನಾಲ್ಕು ಪೆಟ್ಟಿಗೆಯಾಗಿದ್ದು, ಐದನೆಯ ವಾರ ಎಂಟಕ್ಕೆ ಏರಿ, ಆಮೇಲೆ ಕೊನೆಯವರೆಗೂ ಎಂಟರಲ್ಲಿಯೇ ನಿಲ್ಲುವುದು. ಈ ಒಂದೇ ಒಂದು ಮೆಟ್ಟಿಲನ್ನು ಕಂಡು ಚಿಲ್ಲರೆಯವನು ಸ್ವಲ್ಪ ಹೆಚ್ಚಾಗಿ ಬರೆಯುವನು. ಸಗಟಿನವನು ಅದಕ್ಕಿಂತ ಹೆಚ್ಚಾಗಿ. ಕಾರ್ಖಾನೆಯನ್ನು ಮುಟ್ಟುವ ಹೊತ್ತಿಗೆ ಅದು ಪ್ರವಾಹವಾಗಿರುವುದು. ಮೊದಲು ಎಲ್ಲರಿಗೂ ಬಾಕಿ. ತರುವಾಯ, ತಾವೇ ಬೇಡಿದ ಸರಕು ಬಂದು ಬಿದ್ದು, ಎಲ್ಲರ ಕೊಠಡಿಯೂ ತುಂಬಿ ತುಳುಕುವುದು. ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಪರೀಕ್ಷಣೆಗಳಲ್ಲಿ ತಂಡಗಳು ತೆತ್ತ ನಷ್ಟವು ವಿವೇಕದಿಂದ ಆಡಿದ್ದರೆ ತೆರಬೇಕಾಗಿದ್ದುದರ ಸುಮಾರು ಹತ್ತರಷ್ಟಾಗಿದ್ದಿತು. ಅದಕ್ಕಿಂತಲೂ ಗಮನಾರ್ಹವಾದುದು ಆಟ ಮುಗಿದ ಮೇಲಿನ ಘಟ್ಟ. ಗ್ರಾಹಕನ ಬೇಡಿಕೆ ಹೇಗಿದ್ದಿತೆಂದು ಚಿತ್ರಿಸಿರೆಂದರೆ ಆಟಗಾರರು ದೊಡ್ಡ ಅಲೆಗಳನ್ನು ಬರೆಯುತ್ತಾರೆ. ಸೂತ್ರಧಾರನು ನಿಜವಾದ ಗೆರೆಯನ್ನು ತೋರಿಸಿದಾಗ ಸಭೆಯು ಸ್ತಬ್ಧವಾಗುವುದು. ಅಲೆಯನ್ನು ಎಬ್ಬಿಸಿದವರು ತಾವೇ ಎಂಬ ಈ ಅಭಿಜ್ಞಾನದಲ್ಲಿಯೇ ಆಟದ ರಸಸ್ಥಾನವಿದೆ. ಖಳನಿಲ್ಲದ ರುದ್ರನಾಟಕ ಇದು. ತಪ್ಪು ವ್ಯಕ್ತಿಯದಲ್ಲ, ವ್ಯಕ್ತಿಗಳನ್ನು ಕಟ್ಟಿನಿಲ್ಲಿಸಿದ ಬಗೆಯದು ಎಂಬುದನ್ನು ಉಪನ್ಯಾಸದಿಂದ ಹೇಳಿದರೆ ತಲೆದೂಗಿ ಮರೆಯುವ ವಿದ್ಯಾರ್ಥಿಯು ಇಲ್ಲಿ ನಾಚಿಕೊಂಡು ಕಲಿಯುತ್ತಾನೆ. ಈ ಗುಣದಲ್ಲಿ ಬಿಯರ್ ಆಟಕ್ಕೆ ಸಮನಾದ ಪಾಠ ದುರ್ಲಭ.

ಬೇಡಿಕೆಯು ಮೇಲಕ್ಕೇರಿದಂತೆಲ್ಲ ಹಿಗ್ಗುವ ಈ ದೋಷಕ್ಕೆ ಇಂಗ್ಲಿಷಿನಲ್ಲಿ ಎತ್ತಿನ ಚಾವಟಿಯ ಹೆಸರನ್ನಿಟ್ಟಿದ್ದಾರೆ. ಬಾರುಕೋಲನ್ನು ಹಿಡಿದ ಕೈ ಅಲ್ಪವಾಗಿ ತಿರುಗಿದರೂ ಬಾರಿನ ತುದಿ ಮಾರುದ್ದ ಹಾರುವುದೆಂಬುದನ್ನು ಬಲ್ಲ ಕನ್ನಡಿಗನಿಗೆ ಈ ಮಾತು ಪರಕೀಯವೆನಿಸದು. ಆದರೆ ವ್ಯವಸ್ಥೆಗೇ ಇಟ್ಟ ‘ಸರಪಳಿ’ ಎಂಬ ಹೆಸರು ಅಷ್ಟು ಸಮರ್ಪಕವಾಗಿಲ್ಲ. ಸರಪಳಿಯಲ್ಲಿ ಕೊಂಡಿಗೆ ಕೊಂಡಿ ತಗುಲಿರುವುದು ಕಾಣುವುದೇ ಹೊರತು ಯಾವುದೂ ಹರಿಯುವುದು ಕಾಣುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳ ಸಾಲು ಇದಕ್ಕಿಂತ ಹತ್ತಿರದ ಉಪಮಾನ: ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನ ಕೆರೆಗೆ ನೀರು. ಅಲ್ಲಿಯೂ ಒಂದು ಕೊರತೆಯುಂಟು; ಕೆಳಗಿನ ಕೆರೆ ತನ್ನ ಬಾಯಾರಿಕೆಯನ್ನು ಮೇಲಕ್ಕೆ ಬರೆದು ಕಳುಹಿಸಲಾರದು. ಸರಕಿನ ಸಾಲಿನಲ್ಲಾದರೋ ಎರಡು ಹರಿವುಗಳಿವೆ, ಮತ್ತು ಬಿಯರ್ ಆಟದ ಉಪದ್ರವವೆಲ್ಲ ಹುಟ್ಟುವುದು ಮೇಲೇರುವ ಹರಿವಿನಲ್ಲಿ.

ಇತ್ತೀಚಿನ ಆಟಗಳು ಇನ್ನೂ ತುಂಬುರೂಪದವು. ನೆದರ್ಲೆಂಡ್ಸಿನಲ್ಲಿ ಹುಟ್ಟಿದ ‘ದಿ ಫ್ರೆಶ್ ಕನೆಕ್ಷನ್’ ಎಂಬ ಗಣಕಯಂತ್ರದ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಷ್ಟದಲ್ಲಿರುವ ಹಣ್ಣಿನ ರಸದ ಕಂಪನಿಯೊಂದು ನಾಲ್ವರ ಕೈಗೆ ಬರುವುದು. ಒಬ್ಬನದು ಖರೀದಿ, ಒಬ್ಬನದು ತಯಾರಿಕೆ, ಒಬ್ಬನದು ದಾಸ್ತಾನು ಮತ್ತು ಯೋಜನೆ, ಒಬ್ಬನದು ಮಾರಾಟ. ಮಾರಾಟದವನು ಅಂಗಡಿಗಳಿಗೆ ತಾಜಾತನದ ಭರವಸೆಯನ್ನು ಕೊಟ್ಟು ಬರುವನು. ಖರೀದಿಯವನು ಅಗ್ಗವೆಂದು ದೂರದ ಸರಬರಾಜುದಾರನನ್ನು ಹಿಡಿಯುವನು. ಇವೆರಡರ ಭಾರ ದಾಸ್ತಾನಿನವನ ತಲೆಯ ಮೇಲೆ ಬೀಳುವುದು. ಹೂಡಿದ ಬಂಡವಾಳಕ್ಕೆ ಬಂದ ಪ್ರತಿಫಲದಿಂದ ತಂಡದ ಜಯಾಪಜಯ ನಿರ್ಣಯ. ಇಲ್ಲಿ ಆಟಗಾರರು ಮಾತನಾಡಬಹುದು. ಮಾತನಾಡಿಯೂ ಕೆಡುವುದು ಹೇಗೆಂಬುದೇ ಈ ಆಟದ ವಸ್ತು. ಒಂದೇ ಮನೆಯಲ್ಲಿ ನಾಲ್ವರು ಸೋದರರು ನಾಲ್ಕು ಲೆಕ್ಕದ ಪುಸ್ತಕಗಳನ್ನಿಟ್ಟಂತೆ ತೋರುವ ಈ ಚಿತ್ರ ಸತ್ಯವಾದುದು. ಸರಕು ಕೆಟ್ಟುಹೋಗಬಲ್ಲದೆಂಬುದನ್ನು ಒಪ್ಪಿಕೊಂಡಿರುವುದೂ ಬಿಯರ್ ಆಟಕ್ಕಿಂತ ಒಂದು ಹೆಜ್ಜೆ ಮುಂದು.

ಆದರೆ ಎರಡು ಆಟಗಳಿಗೂ ಸಮಾನವಾದ ಒಂದು ಮೌನವಿದೆ. ಬಿಯರ್ ಆಟದ ಕಾರ್ಖಾನೆಗೆ ಧಾನ್ಯವು ಎಂದೂ ಕಡಮೆಯಾಗುವುದಿಲ್ಲ. ಎಷ್ಟು ಬೇಡಿದರೆ ಅಷ್ಟು ಒದಗುವುದು. ಹಣ್ಣಿನ ರಸದ ಆಟದಲ್ಲಿ ಕಿತ್ತಳೆಯನ್ನೂ ಮಾವನ್ನೂ ಕೊಡುವವರು ಒಂದು ಪಟ್ಟಿಯ ಸಾಲುಗಳಾಗಿ ಮಾತ್ರ ಇರುತ್ತಾರೆ. ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದರೆ ಬಿಟ್ಟವನು ಎಲ್ಲಿ ಹೋದನೆಂದು ಆಟವು ಕೇಳುವುದಿಲ್ಲ. ಭೂಮಿಯು ಎಲ್ಲಿ ಆರಂಭವಾಗುವುದೋ ಅಲ್ಲಿಗೆ ರಂಗಭೂಮಿ ಮುಗಿಯುತ್ತದೆ.

ಈ ಮೌನದ ಬೆಲೆಯನ್ನು ತಿಳಿಯಬೇಕಾದರೆ ಆಟವನ್ನು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂತಹ ಊರಿನಿಂದ ನೋಡಬೇಕು. ಹೊರಗಿನವರಿಗೆ ಮುರುಗಮಲ್ಲವು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ ಪ್ರಸಿದ್ಧ. ನಾನಾ ಮತದವರು ಹರಕೆ ಹೊತ್ತು ಅಲ್ಲಿಗೆ ಬರುವರು. ಆದರೆ ಆ ಸೀಮೆಯ ಜೀವನಾಡಿಗಳಲ್ಲಿ ಮುಖ್ಯವಾದುದು ಹಿಪ್ಪುನೇರಳೆ. ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೇಷ್ಮೆಯ ಸಾಲು ಬಿಯರಿನ ಸಾಲಿಗಿಂತ ಉದ್ದವಾದುದು: ಬಿತ್ತನೆ ಕೋಠಿ, ಚಾಕಿ ಕೇಂದ್ರ, ಹುಳು ಸಾಕುವ ರೈತ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ನೂಲು ತೆಗೆಯುವ ರೀಲರು, ಹುರಿ ಮಾಡುವವರು, ನೇಕಾರರು, ಸೀರೆಯ ಅಂಗಡಿ. ಆಟದ ನಾಲ್ಕು ಕುರ್ಚಿಗಳನ್ನು ಈ ಸಾಲಿನ ಕೆಳಭಾಗದಲ್ಲಿ, ರೀಲರಿನಿಂದ ಅಂಗಡಿಯವರೆಗೆ, ಹಾಕಬಹುದು. ಹುಳು ಸಾಕುವವನಿಗೆ ಕುರ್ಚಿ ಉಳಿಯುವುದಿಲ್ಲ.

ಕುರ್ಚಿಯೊಂದನ್ನು ಹೆಚ್ಚಾಗಿ ಹಾಕಿದರೆ ಸಾಕಲ್ಲವೆ ಎಂದರೆ, ಅದು ಅಷ್ಟು ಸುಲಭವಲ್ಲ. ಆ ಕುರ್ಚಿಯಲ್ಲಿ ಆಟದ ನಿಯಮಗಳೇ ಬೇರೆ. ಚಾಕಿ ಕಟ್ಟಿದ ದಿನದಿಂದ ಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವುದಕ್ಕೆ ಸುಮಾರು 25 ದಿನ ಬೇಕು. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿದ ಭಾಗ ಕೊನೆಯ ಜ್ವರದ ತರುವಾಯದ ಒಂದು ವಾರದ್ದು. ಆ ವಾರದಲ್ಲಿ ಹುಳುವಿಗೆ ಕಾಯೆಂದು ಹೇಳುವಂತಿಲ್ಲ. ಚಂದ್ರಿಕೆಗೆ ಬಿಟ್ಟ ಹುಳು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುವುದು. ಗೂಡನ್ನು ಬಿಡಿಸಿ ಮಾರುಕಟ್ಟೆಗೆ ಒಯ್ಯದೆ ಇಟ್ಟುಕೊಂಡರೆ, ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶವು ಪತಂಗವಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುವುದು. ತೂತಾದ ಗೂಡಿನಿಂದ ಅಖಂಡವಾದ ಎಳೆ ಬಾರದು. ವಾರಕ್ಕೆ ಅರ್ಧ ಡಾಲರು ತೆತ್ತು ದಾಸ್ತಾನು ಇಟ್ಟುಕೊಳ್ಳುವೆನೆಂಬ ಮಾತು ಇಲ್ಲಿ ಅರ್ಥಹೀನ. ಗೂಡನ್ನು ಬಿಸಿ ಗಾಳಿಗೋ ಹಬೆಗೋ ಹಿಡಿದು ಕೋಶವನ್ನು ಕೊಂದು ಕಾದಿರಿಸುವ ಉಪಾಯವುಂಟು. ಆ ಸಾಧನವಿರುವುದು ಸಾಮಾನ್ಯವಾಗಿ ಕೊಳ್ಳುವ ರೀಲರಿನ ಕೈಯಲ್ಲಿ, ಮಾರುವ ರೈತನ ಕೈಯಲ್ಲಲ್ಲ. ಹರಾಜಿನ ಒಂದು ಪಕ್ಕದವನು ಕಾಯಬಲ್ಲನು, ಇನ್ನೊಂದು ಪಕ್ಕದವನು ಕಾಯಲಾರನು. ಆಗಿನ ಮೈಸೂರು ರಾಜ್ಯದ 1959ರ ಶಾಸನವು ಗೂಡಿನ ಮಾರಾಟವನ್ನು ಸರಕಾರದ ಮಾರುಕಟ್ಟೆಗಳ ಬಹಿರಂಗ ಹರಾಜಿಗೆ ತಂದುದು ಈ ವಿಷಮತೆಯನ್ನು ತಗ್ಗಿಸುವುದಕ್ಕಾಗಿ. ತೂಕದಲ್ಲಿಯೂ ಹಣಪಾವತಿಯಲ್ಲಿಯೂ ಅದರಿಂದಾದ ಉಪಕಾರ ಸಣ್ಣದಲ್ಲ. ಕೋಶದ ಹತ್ತು ದಿನಗಳನ್ನು ಮಾತ್ರ ಯಾವ ಶಾಸನವೂ ಹನ್ನೊಂದು ಮಾಡಲಾರದು.

ಇನ್ನು ಬೆಲೆಯ ವಿಚಾರ. ಬಿಯರ್ ಆಟದಲ್ಲಿ ಬೆಲೆಯೆಂಬುದೇ ಇಲ್ಲ. ತೂಗಾಡುವುದು ಪೆಟ್ಟಿಗೆಗಳ ಸಂಖ್ಯೆ. ಶಿಡ್ಲಘಟ್ಟದಲ್ಲಿ ತಂದ ಗೂಡೆಲ್ಲವೂ ಹೇಗೋ ಮಾರಿಹೋಗುವುದು, ತೂಗಾಡುವುದು ಬೆಲೆ. ರೈತನಿಗೆ ಕೆಳಗಿನಿಂದ ಚೀಟಿ ಬರುವುದಿಲ್ಲ. ಹಿಂದಿನ ದಿನದ ಧಾರಣೆಯೇ ಅವನಿಗೆ ಬರುವ ಚೀಟಿ. ಇಂದಿನ ಧಾರಣೆಯನ್ನು ನೋಡಿ ಚಾಕಿ ಕಟ್ಟಿದವನು ಮಾರುವುದು ತಿಂಗಳ ಮೇಲಿನ ಧಾರಣೆಗೆ. ಈ ಬಗೆಯ ಏರಿಳಿತವನ್ನು ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲಿಯೇ ಗುರುತಿಸಿ ಜೇಡರಬಲೆಯೆಂದು ಕರೆದರು. 2011ರ ಕೇಂದ್ರ ಆಯವ್ಯಯದಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಕರ್ನಾಟಕದ ಗೂಡಿನ ಧಾರಣೆ ಕುಸಿಯಿತು; 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಬೇಕಾಯಿತು. 2020ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಮಗ್ಗಗಳು ನಿಂತವು, ಸೀರೆಯಂಗಡಿಗಳು ಮುಚ್ಚಿದವು. ಬಿಯರ್ ಆಟಗಾರನಾಗಿದ್ದರೆ ಚೀಟಿಯ ಮೇಲೆ ಸೊನ್ನೆ ಬರೆದು ಕುಳಿತಿರುತ್ತಿದ್ದನು. ತಟ್ಟೆಯಲ್ಲಿದ್ದ ಹುಳು ಅಂದೂ ಸೊಪ್ಪು ಕೇಳಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕಲೆಯಾಗಲಿ ಆಟವಾಗಲಿ ಎಲ್ಲವನ್ನೂ ತೋರಿಸಬೇಕಾಗಿಲ್ಲ, ಬಿಡುವುದರಲ್ಲಿಯೇ ಕೌಶಲವಿದೆ, ನಾಲ್ಕು ಕುರ್ಚಿಗಳಿಂದಲೇ ಅಷ್ಟು ದೊಡ್ಡ ಸತ್ಯ ಹೊರಟಿರುವಾಗ ಐದನೆಯದು ಭಾರವಾದೀತು. ಆಕ್ಷೇಪವು ಯುಕ್ತವಾದುದೇ. ಆದರೆ ಒಂದನ್ನು ಹೇಳದೆ ಬಿಡುವುದು ಬೇರೆ, ಅದಿಲ್ಲವೆಂದು ಹೇಳುವುದು ಬೇರೆ. ಕಚ್ಚಾ ಸರಕು ಅಪರಿಮಿತವಾಗಿ ಒದಗುವುದೆಂಬ ನಿಯಮವು ಮೌನವಲ್ಲ, ಒಂದು ಪ್ರತಿಜ್ಞೆ. ಇದನ್ನೇ ಇಪ್ಪತ್ತು ಸಲ ಆಡಿ ಪದವಿ ಪಡೆದವನು ಮುಂದೆ ಖರೀದಿಯ ಅಧಿಕಾರಿಯಾದಾಗ ಪಟ್ಟಿಯ ಸಾಲಿನ ಹಿಂದೆ ಮನುಷ್ಯನನ್ನು ಕಾಣದಿದ್ದರೆ ಅದು ಅವನೊಬ್ಬನ ಹೃದಯದೋಷವೆನ್ನಲಾಗದು. ಆಟವೇ ಕಲಿಸಿದ ತತ್ತ್ವದಂತೆ ಅದೂ ಕಟ್ಟಿನಿಲ್ಲಿಸಿದ ಬಗೆಯ ದೋಷ.

ಕನ್ನಡನಾಡಿನ ತರಗತಿಗಳಲ್ಲಿ ಈ ಆಟವನ್ನು ಆಡಿಸುವವರು, ಮುಖ್ಯವಾಗಿ ಚಿಂತಾಮಣಿಯ ಕುರುಬೂರಿನಂತಹ ರೇಷ್ಮೆಶಿಕ್ಷಣದ ನೆಲೆಯ ಸುತ್ತಮುತ್ತಲಿನವರು, ಬಿಯರಿಗೆ ಬದಲಾಗಿ ಗೂಡನ್ನಿಟ್ಟು ಒಮ್ಮೆ ಪರೀಕ್ಷಿಸಬಹುದು. ಸಾಕುವವನು ನಾಲ್ಕು ವಾರ ಮುಂಚೆ ತನ್ನ ಮೊತ್ತವನ್ನು ಬರೆದು ಮುಚ್ಚಿಡಬೇಕು, ಆಮೇಲೆ ತಿದ್ದುವಂತಿಲ್ಲ. ಕೊಟ್ಟ ದಿನದ ಬೆಲೆಯನ್ನು ಉಳಿದವರ ದಾಸ್ತಾನೇ ನಿರ್ಣಯಿಸಬೇಕು. ಬೆಲೆ ಒಪ್ಪಿಗೆಯಾಗದಿದ್ದರೆ ಒಂದು ವಾರ ಮಾತ್ರ ತಡೆಹಿಡಿಯಬಹುದು. ಆಟ ಮುಗಿದ ಮೇಲೆ ಸೂತ್ರಧಾರನು ಗ್ರಾಹಕನ ಗೆರೆಯನ್ನು ತೋರಿಸುವುದಕ್ಕೆ ಮೊದಲು, ಆ ಐದನೆಯವನು ಬರೆದು ಮುಚ್ಚಿಟ್ಟ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ ಓದಬೇಕು.