ಎರಡು ದಿನದ ದೇಶಾಂತರ

ಉದ್ಯೋಗ ವಿದ್ಯಾಭ್ಯಾಸಗಳ ನಿಮಿತ್ತವಾಗಿ ಹೊರದೇಶಗಳಲ್ಲಿ ನೆಲಸಿರುವ ನಮ್ಮ ಜಿಲ್ಲೆಯ ತರುಣರು ಈಚೆಗೆ ಪ್ರವಾಸ ಲೇಖನಗಳನ್ನು ಹೆಚ್ಚು ಹೆಚ್ಚಾಗಿ ಬರೆಯತೊಡಗಿರುವರು. ಅವುಗಳಲ್ಲಿ ಬಹುಭಾಗವು ಒಂದೇ ಜಾತಿಯವು. ಲೇಖಕನು ಒಂದು ಪರದೇಶದಲ್ಲಿ ವಾಸವಾಗಿರುವನು; ಶನಿವಾರ ಬೆಳಗ್ಗೆ ಇಬ್ಬರು ಮೂವರು ಗೆಳೆಯರನ್ನು ಕೂಡಿಕೊಂಡು ನೆರೆಯ ಮತ್ತೊಂದು ಪರದೇಶಕ್ಕೆ ಹೊರಡುವನು; ಭಾನುವಾರ ರಾತ್ರಿಗೆ ಹಿಂದಿರುಗುವನು. ಇದಕ್ಕೆ 'ವಾರಾಂತ್ಯ ಪ್ರವಾಸ'ವೆಂದು ಹೆಸರು. ಭಾನುವಾರವನ್ನೇ ಮೊದಲಿಟ್ಟು ವಾರವನ್ನೆಣಿಸುವ ನಮ್ಮಲ್ಲಿ ಆದಿವಾರವು ವಾರದ ಅಂತ್ಯವಾದುದು ಹೇಗೆಂದು ಕೇಳಬಾರದು. ಪದವು ರೂಢಿಗೆ ಬಂದುಹೋಗಿದೆ.

ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಗೊರೂರರ 'ಅಮೆರಿಕದಲ್ಲಿ ಗೊರೂರು' ಮೊದಲಾದವುಗಳ ಅಳತೆಗೋಲಿನಿಂದ ಈ ಬರಹಗಳನ್ನು ಅಳೆಯುವುದು ನ್ಯಾಯವಲ್ಲ. ಅಲ್ಲಿ ತಿಂಗಳುಗಳ ವಾಸವಿದೆ, ಪಕ್ವವಾದ ಮನಸ್ಸಿದೆ. ಇಲ್ಲಿರುವುದು ಎರಡು ಹಗಲು, ಒಂದು ಇರುಳು. ಇಷ್ಟು ಸಣ್ಣ ಪಾತ್ರೆಯಲ್ಲಿ ಏನನ್ನು ತುಂಬಬೇಕು, ಏನನ್ನು ಬಿಡಬೇಕು ಎಂಬುದೇ ಈ ಪ್ರಕಾರದ ಮುಖ್ಯ ಪ್ರಶ್ನೆ. ಸಂಪಾದಕರು ಅಭಿಪ್ರಾಯಕ್ಕಾಗಿ ನಮ್ಮಲ್ಲಿಗೆ ಕಳುಹಿಸಿದ ಕಟ್ಟಿನಲ್ಲಿ ಒಂದು ಲೇಖನವು ಮಿಕ್ಕವುಗಳಿಗಿಂತ ಮೇಲಾಗಿ ಕಂಡುದರಿಂದ ಅದನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವೆವು. ಅದು ಇನ್ನೂ ಅಚ್ಚಾಗದಿರುವುದರಿಂದ ಲೇಖಕರ ಹೆಸರನ್ನು ಹೇಳುವುದಿಲ್ಲ.

ಲೇಖಕರು ಜರ್ಮನಿಯ ಕಾರ್ಲ್ಸ್‌ರೂಹ ಪಟ್ಟಣದಲ್ಲಿರುವವರು. ಸ್ನೇಹಿತರೊಡನೆ ರೈನ್ ನದಿಯಾಚೆ ಫ್ರಾನ್ಸಿಗೆ ಸೇರಿದ ಸ್ಟ್ರಾಸ್‌ಬುರ್ಗ್ ನಗರವನ್ನು ನೋಡಿ ಬಂದ ವೃತ್ತಾಂತವನ್ನು ಬರೆದಿರುವರು. ರೈಲಿನಲ್ಲಿ ಆಫೆನ್‌ಬುರ್ಗ್ ಮಾರ್ಗವಾಗಿ ಗಡಿಯೂರಾದ ಕೇಲ್‌ಗೆ ಬಂದು ಅಲ್ಲಿ ಇಳಿದರು; 2017ರಿಂದ ಸ್ಟ್ರಾಸ್‌ಬುರ್ಗಿನ ಟ್ರಾಮ್ ಗಾಡಿಯೇ ಸೇತುವೆ ದಾಟಿ ಕೇಲ್‌ವರೆಗೆ ಬರುತ್ತಿರುವುದರಿಂದ ಮುಂದಿನ ಪ್ರಯಾಣ ಸುಲಭವಾಯಿತು. ಶೈಲಿ ತಿಳಿಯಾಗಿದೆ. ವಾಕ್ಯಗಳು ತಡವರಿಸುವುದಿಲ್ಲ. 'ಎಂಜಾಯ್ ಮಾಡಿದೆವು' ಎಂಬ ಮಾತು ಆದ್ಯಂತವಾಗಿ ಒಂದೇ ಕಡೆ ಬಂದಿದೆ. ಈ ಕಾಲದಲ್ಲಿ ಇದು ಸಾಮಾನ್ಯವಾದ ಸಂಯಮವಲ್ಲ.

ಮೊದಲ ಎರಡು ಪುಟಗಳು ಅಲ್ಲಿನ ಮಹಾದೇವಾಲಯಕ್ಕೆ, ಎಂದರೆ ಕೆಥೀಡ್ರಲಿಗೆ, ಸಂದಿವೆ. ಎತ್ತರ 142 ಮೀಟರು. 1647ರಿಂದ 1874ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರವಾದ ಕಟ್ಟಡವಿರಲಿಲ್ಲ. ಕಲ್ಲು ಕೆಂಪು ಛಾಯೆಯ ಮರಳುಗಲ್ಲು. ಒಂದು ಗೋಪುರವೆದ್ದಿತು, ಜೊತೆಯದು ಏಳಲೇ ಇಲ್ಲ. ಎಲ್ಲವೂ ಸರಿಯೆ. ಆದರೆ ಇದು ಯಾವ ಕೈಪಿಡಿಯಲ್ಲಿಯೂ ದೊರೆಯುವ ವಿಷಯ. ಕೈಪಿಡಿಯು ಹೇಳದೆ ಬಿಡುವ ಕಡೆಯಲ್ಲಿ ಲೇಖಕರೂ ಮೌನವಾಗಿರುವರು. ಕಾಲುವೆಗಳ ನಡುವೆ ಮರದ ಚೌಕಟ್ಟಿನ ಹಳೆಯ ಮನೆಗಳುಳ್ಳ 'ಪೆತಿತ್ ಫ್ರಾಂಸ್' ಎಂಬ ಕೇರಿಗೆ ಆ ಹೆಸರು ದೇಶಪ್ರೇಮದಿಂದ ಬಂದಿತೆಂದು ಊಹಿಸಿ ಮುಂದೆ ಹೋಗಿರುವರು. ವಾಸ್ತವವಾಗಿ ಹಿಂದೆ ಅಲ್ಲಿ ಉಪದಂಶ ರೋಗಿಗಳ ಆಸ್ಪತ್ರೆಯಿತ್ತು. ಜರ್ಮನ್ ನುಡಿಯ ಆ ಊರಿನವರು ಅದನ್ನು 'ಫ್ರೆಂಚರ ರೋಗ'ವೆನ್ನುತ್ತಿದ್ದರು. ಕೇರಿಯ ಹೆಸರಿನ ಮೂಲವದು. ನಮ್ಮ ಭಾವಮಿಶ್ರನು ಭಾವಪ್ರಕಾಶದಲ್ಲಿ ಅದೇ ವ್ಯಾಧಿಯನ್ನು 'ಫಿರಂಗ ರೋಗ'ವೆಂದು ಕರೆದಿರುವನು. ಫಿರಂಗ ಶಬ್ದವೂ ಫ್ರಾನ್ಸ್ ಶಬ್ದವೂ ಒಂದೇ ಬೇರಿನವು. ಬೇಡವಾದುದಕ್ಕೆ ನೆರೆಯವರ ಹೆಸರಿಡುವುದರಲ್ಲಿ ಸ್ಟ್ರಾಸ್‌ಬುರ್ಗಿಗೂ ಭರತಖಂಡಕ್ಕೂ ಭೇದವಿರಲಿಲ್ಲವೆಂಬುದನ್ನು ನಮ್ಮ ಲೇಖಕರಲ್ಲದೆ ಅಲ್ಲಿಗೆ ಹೋದ ಯಾವ ಫ್ರೆಂಚ್ ಯಾತ್ರಿಕನು ಬರೆಯಬಲ್ಲನು?

ಇದಕ್ಕಿಂತ ದೊಡ್ಡ ಅವಕಾಶವೊಂದು ಗಡಿಯಾರದ ಪ್ರಸಂಗದಲ್ಲಿ ಕೈತಪ್ಪಿದೆ. ಆ ದೇವಾಲಯದೊಳಗೆ ಪ್ರಸಿದ್ಧವಾದ ಖಗೋಳ ಗಡಿಯಾರವಿದೆ. ಈಗಿನ ಯಂತ್ರವನ್ನು ಶ್ವಿಲ್ಗೇ ಎಂಬ ಶಿಲ್ಪಿಯು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರಚಿಸಿದನು. ಗ್ರಹಗತಿಗಳನ್ನು ತೋರಿಸುವುದಲ್ಲದೆ ವರ್ಷವರ್ಷವೂ ಬದಲಾಗುವ ಈಸ್ಟರ್ ಹಬ್ಬದ ದಿನವನ್ನು ತಾನೇ ಗಣಿಸುವುದು. ಪಂಚಾಂಗವನ್ನು ಬಲ್ಲವರಿಗೆ ಆ ಗಣಿತದ ಕಷ್ಟ ತಿಳಿದೀತು. ಮಧ್ಯಾಹ್ನ ಕ್ರಿಸ್ತನ ಮುಂದೆ ಹನ್ನೆರಡು ಶಿಷ್ಯರ ಬೊಂಬೆಗಳು ಸಾಲಾಗಿ ಹಾಯುವುವು. ಆದರೆ ಆ ಮೆರವಣಿಗೆಯು ಹನ್ನೆರಡಕ್ಕಲ್ಲ, 12.30ಕ್ಕೆ. ಗೆಳೆಯರಲ್ಲೊಬ್ಬನು ಗಡಿಯಾರ ಕೆಟ್ಟಿದೆಯೆಂದು ನಕ್ಕನಂತೆ. ಲೇಖಕರು ಆ ನಗುವನ್ನು ಬರೆದು ಮುಂದಿನ ಸಾಲಿನಲ್ಲಿ ಊಟಕ್ಕೆ ನಡೆದಿರುವರು.

ಗಡಿಯಾರ ಕೆಟ್ಟಿಲ್ಲ. ಅದು ಸ್ಟ್ರಾಸ್‌ಬುರ್ಗಿನ ಸ್ವಂತ ಸೂರ್ಯನನ್ನನುಸರಿಸಿ ನಡೆಯುತ್ತಿದೆ. ಊರಿನ ಕೈಗಡಿಯಾರಗಳು ಅನುಸರಿಸುವ ಕಾಲವು ಪೂರ್ವಕ್ಕೆ 15 ಅಂಶದ ರೇಖೆಯದು. ಊರಿರುವುದು ಎಂಟು ಅಂಶಕ್ಕೂ ಸ್ವಲ್ಪ ಕಡಮೆಯಲ್ಲಿ. ಅಂಶವೊಂದಕ್ಕೆ ನಾಲ್ಕು ನಿಮಿಷದಂತೆ ವ್ಯತ್ಯಾಸವು ಸುಮಾರು ಅರ್ಧ ಗಂಟೆ. ನಮ್ಮ ಜ್ಯೋತಿಷ ಸಿದ್ಧಾಂತಗಳಲ್ಲಿ ಉಜ್ಜಯಿನಿಯ ಮಧ್ಯರೇಖೆಯಿಂದ ಆಯಾ ಊರಿಗೆ ಮಾಡುವ ಈ ತಿದ್ದುಪಡಿಗೆ 'ದೇಶಾಂತರ ಸಂಸ್ಕಾರ'ವೆಂದು ಹೆಸರು. ಇನ್ನೊಂದು ಸಂಗತಿಯುಂಟು. ಭಾರತದ ಕಾಲವು 82½ ಅಂಶದ್ದು. ಉಡುಪಿ ಮಂಗಳೂರುಗಳು 75 ಅಂಶಕ್ಕೆ ಸ್ವಲ್ಪ ಈಚೆ ಇರುವುವು. ಅಂದರೆ ನಮ್ಮ ಕರಾವಳಿಯ ಸೂರ್ಯನೂ ಸರಕಾರಿ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆಯೇ ಹಿಂದೆ! ಮನೆಯ ಪಂಚಾಂಗದಲ್ಲಿ ಬಾಲ್ಯದಿಂದ ಕಂಡ ಅದೇ ಅರ್ಧ ಗಂಟೆಯು ಸಾವಿರಾರು ಮೈಲುಗಳಾಚೆ ಬೊಂಬೆಗಳ ವೇಷದಲ್ಲಿ ಎದುರಿಗೆ ಹಾದುಹೋಯಿತು. ಲೇಖಕರು ಗುರುತು ಹಿಡಿಯಲಿಲ್ಲ. ಪರದೇಶವೆಂಬ ಅರ್ಥದಲ್ಲಿಯೂ ದೇಶಾಂತರ ಶಬ್ದವು ನಮ್ಮಲ್ಲುಂಟು. ಈ ಎರಡರ್ಥಗಳು ಒಂದೇ ಕ್ಷಣದಲ್ಲಿ ಕೂಡುವ ಸ್ಥಳವು ಯಾತ್ರಿಕನಿಗೆ ಪದೇ ಪದೇ ದೊರೆಯುವುದಿಲ್ಲ.

ಚರಿತ್ರೆಯ ಭಾಗದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1681ರಲ್ಲಿ ಫ್ರಾನ್ಸಿಗೆ, 1871ರಲ್ಲಿ ಜರ್ಮನಿಗೆ, 1918ರಲ್ಲಿ ಪುನಃ ಫ್ರಾನ್ಸಿಗೆ, 1940ರಲ್ಲಿ ಜರ್ಮನರ ವಶಕ್ಕೆ, 1944ರಲ್ಲಿ ಮರಳಿ ಫ್ರಾನ್ಸಿಗೆ ಊರು ಕೈಬದಲಾಯಿಸಿತೆಂದು ಪಟ್ಟಿ ಕೊಟ್ಟಿರುವರು. ಹೊಸ್ತಿಲು ದಾಟದೆಯೇ ಅಲ್ಲಿಯ ವೃದ್ಧನೊಬ್ಬನು ಒಂದು ಜನ್ಮದಲ್ಲಿ ನಾಲ್ಕು ಸಲ ದೇಶ ಬದಲಾಯಿಸಿರಬಹುದೆಂಬ ಮಾತನ್ನು ಪಟ್ಟಿಯು ಹೇಳುವುದಿಲ್ಲ. ದೋದೆಯ 'ಕೊನೆಯ ಪಾಠ'ವೆಂಬ ಸಣ್ಣಕಥೆಯನ್ನು ಕೇಂದ್ರ ಪಠ್ಯಕ್ರಮದ ಹನ್ನೆರಡನೆಯ ತರಗತಿಯ ಇಂಗ್ಲಿಷ್ ವಾಚಕದಲ್ಲಿ ನಮ್ಮ ಮಕ್ಕಳು ಓದಿರುವರು. ಆ ಕಥೆ ನಡೆಯುವುದು ಈ ಆಲ್ಸೇಸ್ ಸೀಮೆಯಲ್ಲಿಯೇ. ಜರ್ಮನರು ಬಂದು ಫ್ರೆಂಚ್ ಪಾಠವನ್ನು ನಿಲ್ಲಿಸಿದರೆಂದು ಅಲ್ಲಿ ಅಧ್ಯಾಪಕನು ಮರುಗುವನು. ಆ ಸೀಮೆಯ ಹಳ್ಳಿಗರ ಮನೆಮಾತು ಬಹುಮಟ್ಟಿಗೆ ಜರ್ಮನ್ ಕುಲದ ಉಪಭಾಷೆಯಾಗಿತ್ತೆಂಬುದನ್ನು ಮಾತ್ರ ಕಥೆಯು ಮರೆಸಿಡುವುದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನಿಗೆ ಆ ಅಧ್ಯಾಪಕನ ಕಣ್ಣೀರು ನಿಜವೆಂದೇ ತೋರುವುದು. ಕಥೆಗಾರನ ಮೌನವೂ ಅಷ್ಟೇ ಸ್ಪಷ್ಟವಾಗಿ ತೋರುವುದು.

ಈಗ ಮುಖ್ಯ ವಿಷಯಕ್ಕೆ ಬರುವೆವು. ಶಾಕುಂತಲವನ್ನು ಕೊಂಡಾಡಿದ ಗಯಟೆ ಮಹಾಕವಿಯ ಹೆಸರು ನಮ್ಮವರಿಗೆಲ್ಲ ಗೊತ್ತು. ಫ್ರಾಂಕ್‌ಫುರ್ಟಿನವನಾದ ಅವನು 1770ರಿಂದ 1771ರವರೆಗೆ ನ್ಯಾಯಶಾಸ್ತ್ರವನ್ನೋದುತ್ತ ಇದೇ ಸ್ಟ್ರಾಸ್‌ಬುರ್ಗಿನಲ್ಲಿದ್ದನು. ವೇಲಾಂಡ್ ಎಂಬ ಸ್ನೇಹಿತನೊಡನೆ ಕುದುರೆಯೇರಿ ಸೇಸೆನ್‌ಹೈಮ್ ಎಂಬ ಹಳ್ಳಿಗೆ ಹೋದುದನ್ನು ಸುಮಾರು ನಲವತ್ತು ವರ್ಷಗಳ ಮೇಲೆ ಆತ್ಮಚರಿತೆಯಲ್ಲಿ ಬರೆದನು. ಅಲ್ಲಿ ಗೋಪುರದ ಅಳತೆಯಿಲ್ಲ. ಬಡ ವಿದ್ಯಾರ್ಥಿಯಂತೆ ವೇಷ ಹಾಕಿದ ಹುಡುಗಾಟ, ಗುಟ್ಟನ್ನು ಕಾಪಾಡಿದ ಗೆಳೆಯ, ಪಾದ್ರಿಯ ಮನೆಯ ಮಗಳು ಫ್ರೀಡ್‌ರಿಕೆ ಇವರಿರುವರು. ಆ ಮನೆಯವರನ್ನು ಬಲ್ಲವನು ವೇಲಾಂಡನು. ಅವನಿಲ್ಲದಿದ್ದರೆ ಗಯಟೆಗೆ ಅಲ್ಲಿಯ ಬಾಗಿಲು ತೆರೆಯುತ್ತಿರಲಿಲ್ಲ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದುತ್ತಿದ್ದ ಗಾಂಧಿಯವರೂ ಪ್ಯಾರಿಸಿಗೆ ಹೋಗಿದ್ದರು. ಎತ್ತರದಲ್ಲಿ ಕುಳಿತು ಉಂಡೆನೆಂದು ಹೇಳಿಕೊಳ್ಳುವ ಆಸೆಯಿಂದಲೇ ಐಫೆಲ್ ಗೋಪುರದಲ್ಲಿ ಏಳು ಷಿಲಿಂಗು ತೆತ್ತುದನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಗೋಪುರವು ನೆನಪಿನಲ್ಲುಳಿಯುವುದು ಆ ಏಳು ಷಿಲಿಂಗಿನಿಂದ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಊರು, ನದಿ, ಗೋಪುರ, ಬೆಳಕು ಇವೆಲ್ಲ ಉದ್ದೀಪನ ವಿಭಾವಗಳು. ಆಲಂಬನವಿಲ್ಲದೆ ಬರಿಯ ಉದ್ದೀಪನದಿಂದ ರಸವು ಹುಟ್ಟದು. ಗೆಳೆಯರ ಕೂಟದ ಯಾತ್ರೆಗೆ ಗೆಳೆಯರೇ ಆಲಂಬನ. ನಮ್ಮ ಲೇಖಕರ ಹನ್ನೊಂದು ಪುಟಗಳಲ್ಲಿ ಗೆಳೆಯರು 'ನಾವು' ಎಂಬ ಸರ್ವನಾಮದೊಳಗೆ ಕರಗಿಹೋಗಿರುವರು. ಗಡಿಯಾರವನ್ನು ನೋಡಿ ನಕ್ಕವನಿಗೂ ಮುಖವಿಲ್ಲ.

ಒಬ್ಬನು ಮಾತ್ರ ಕರಗಲಿಲ್ಲ. ಅವನು 'ನಾವು' ಎಂಬುದರ ಹೊರಗುಳಿದುದರಿಂದ. ಮೊದಲ ಪುಟದಲ್ಲಿ ನಾಲ್ವರು ಹೊರಡುವರು. ಸ್ಟ್ರಾಸ್‌ಬುರ್ಗಿನಲ್ಲಿ ಮೂವರೇ ಇರುವರು. ಕಾರಣವು ಒಂದೇ ವಾಕ್ಯದಲ್ಲಿದೆ. 1985ರಲ್ಲಿ ಷೆಂಗೆನ್ ಗ್ರಾಮದಲ್ಲಾದ ಒಪ್ಪಂದವು 1995ರಲ್ಲಿ ಜಾರಿಗೆ ಬಂದಮೇಲೆ, ಅದಕ್ಕೆ ಸೇರಿದ ಒಂದು ದೇಶದ ವಾಸದ ಪರವಾನಗಿಯುಳ್ಳ ಭಾರತೀಯನು ಆ ಪರವಾನಗಿಯನ್ನೂ ಪಾಸ್‌ಪೋರ್ಟನ್ನೂ ಜೊತೆಯಲ್ಲಿಟ್ಟುಕೊಂಡು ಇನ್ನೊಂದರಲ್ಲಿ ಕೆಲವು ಕಾಲ ಸಂಚರಿಸಬಹುದು. ನಾಲ್ಕನೆಯ ಗೆಳೆಯನ ಪರವಾನಗಿಯ ಅವಧಿ ತೀರಿತ್ತು. ಹೊಸತು ಯಾವುದೋ ಕಚೇರಿಯಲ್ಲಿ ಬಾಕಿಯಿತ್ತು. ಕೈಯಲ್ಲಿದ್ದುದು ತಾತ್ಕಾಲಿಕ ಕಾಗದ ಮಾತ್ರ. ಆದರೂ ಅವನು ಕೇಲ್‌ವರೆಗೆ ಬಂದನು. ಅಲ್ಲಿ ರೈನಿನ ಮೇಲೆ 2004ರಲ್ಲಿ ಕಟ್ಟಿದ ಕಾಲುಸೇತುವೆಯಿದೆ. ಉಳಿದವರನ್ನು ಅದರ ಬಳಿಯಲ್ಲಿ ಬೀಳ್ಕೊಟ್ಟು ಹಿಂದಿರುಗಿದನು. ಭಾನುವಾರ ಸಂಜೆ ಅವರು ಮರಳಿದಾಗ ಚಿತ್ರಾನ್ನದ ಡಬ್ಬಿಯೊಡನೆ ಕೇಲ್ ನಿಲ್ದಾಣದಲ್ಲಿ ಕಾದಿದ್ದನು. ಇದು ಇನ್ನೊಂದು ವಾಕ್ಯ. ಕಾದಿದ್ದ ಗೆಳೆಯನೊಡನೆ ಊಟ ಮಾಡಿ, ರೈಲು ಹತ್ತಿ, ಮನೆಗೆ ಬಂದೆವೆಂದು ಲೇಖನ ಮುಗಿಯುವುದು.

ಈ ಎರಡು ವಾಕ್ಯಗಳನ್ನು ಓದಿ ನಾವು ಹಸ್ತಪ್ರತಿಯನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆವು. ರವೀಂದ್ರರು ಕಾವ್ಯದಲ್ಲಿ ಉಪೇಕ್ಷಿತರಾದವರನ್ನು ಕುರಿತು ಪ್ರಬಂಧ ಬರೆದು ಊರ್ಮಿಳೆಯನ್ನು ತೋರಿಸಿಕೊಟ್ಟರು. ನಮ್ಮ ಕುವೆಂಪುರವರು ಶ್ರೀರಾಮಾಯಣ ದರ್ಶನದಲ್ಲಿ ಅವಳ ತಪಸ್ಸಿಗೆ ಸ್ಥಾನ ಕೊಟ್ಟರು. ಕಾಡಿಗೆ ಹೋದವರ ಕಥೆಯನ್ನು ಹೇಳುವಾಗ ಉಳಿದವರನ್ನು ಮರೆಯುವುದು ಆದಿಕವಿಗೇ ತಪ್ಪದಿದ್ದಮೇಲೆ ಈ ತರುಣರನ್ನು ಗದರಿಸಿ ಫಲವಿಲ್ಲ. ಆದರೆ ಮೇಘದೂತದ ದಾರಿಯನ್ನು ಅವರು ಒಮ್ಮೆ ನೆನೆಯಬಹುದಾಗಿತ್ತು. ರಾಮಗಿರಿಯಿಂದ ಅಲಕೆಯವರೆಗೆ ಕಾಳಿದಾಸನು ಬೆಟ್ಟ ಹೊಳೆಗಳನ್ನು ವರ್ಣಿಸುವನು. ದಾರಿ ವಕ್ರವಾದರೂ ಉಜ್ಜಯಿನಿಯನ್ನು ನೋಡಿಯೇ ಹೋಗೆಂದು ಮೇಘಕ್ಕೆ ಹೇಳಿಸುವನು. ಆದರೆ ಹೇಳುವವನು ಹೋಗಲಾರದವನು. ಶಾಪಬದ್ಧನಾಗಿ ಒಂದೆಡೆ ನಿಂತವನ ಬಾಯಿಂದ ಬಂದುದರಿಂದಲೇ ಆ ಊರುಗಳಿಗೆ ಅಷ್ಟು ಕಾಂತಿ. ಕೇಲಿನ ದಡದಲ್ಲಿ ನಿಂತವನ ಕಣ್ಣಿನಿಂದ ಸ್ಟ್ರಾಸ್‌ಬುರ್ಗನ್ನು ಒಮ್ಮೆ ನೋಡಿದ್ದರೆ 142 ಮೀಟರುಗಳ ಲೆಕ್ಕವೇ ಬೇಕಾಗುತ್ತಿರಲಿಲ್ಲ.

'ಮನೆಗೆ ಬಂದೆವು' ಎಂಬ ಕೊನೆಯ ಮಾತನ್ನೂ ಗಮನಿಸಬೇಕು. ಲೇಖನದ ಮೊದಲಲ್ಲಿ ಕಾರ್ಲ್ಸ್‌ರೂಹದ ವಾಸಸ್ಥಾನವು 'ಬಾಡಿಗೆಯ ಕೋಣೆ'. ಎರಡು ದಿನದ ಮೇಲೆ ಅದೇ 'ಮನೆ'ಯಾಗಿದೆ. ಇದು ಲೇಖಕರಿಗೆ ತಿಳಿಯದೆಯೇ ಆದುದು. ಒಂದು ಪರದೇಶವನ್ನು ಬಿಟ್ಟು ಇನ್ನೊಂದಕ್ಕೆ ಹೋಗಿಬಂದವನಿಗೆ ಮೊದಲನೆಯದು ಮನೆಯಾಗಿಬಿಡುವುದು ಈ ಜಾತಿಯ ಯಾತ್ರೆಗೆ ಮಾತ್ರ ಸಾಧ್ಯವಾದ ಅನುಭವ. ದೀರ್ಘಪ್ರವಾಸದ ಗ್ರಂಥಗಳಲ್ಲಿ ಇದಕ್ಕೆ ಎಡೆಯಿಲ್ಲ. ಆ ಬದಲಾವಣೆಯು ಯಾವ ಕ್ಷಣದಲ್ಲಾಯಿತು? ರೈಲಿನಲ್ಲಿ ಆಗಿರಲಾರದು. ಡಬ್ಬಿಯ ಮುಚ್ಚಳ ತೆರೆದಾಗ ಆಗಿರಬೇಕೆಂದು ನಮ್ಮ ಊಹೆ. ಹಾಗೆಯೇ, ಪರವಾನಗಿಯಿಲ್ಲದೆ ಅದೇ ಊರಿನಲ್ಲಿ ಉಳಿದ ಆ ಗೆಳೆಯನಿಗೆ ಅದು ಮನೆಯೆನ್ನಿಸಿತೆ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುವುದು.

ಸಂಪಾದಕರು ಈ ಲೇಖನವನ್ನು ತಿರಸ್ಕರಿಸಬಾರದೆಂದು ನಮ್ಮ ಅಭಿಪ್ರಾಯ. ಕೆಥೀಡ್ರಲಿನ ಎರಡು ಪುಟಗಳನ್ನೂ ಕೈಬದಲಿನ ಪಟ್ಟಿಯನ್ನೂ ತೆಗೆದು ಆ ಜಾಗವನ್ನು ಕೇಲ್ ನಿಲ್ದಾಣಕ್ಕೆ ಕೊಡಲೆಂದು ಲೇಖಕರಿಗೆ ಬರೆಯತಕ್ಕದ್ದು. ಶನಿವಾರ ಆ ಗೆಳೆಯನು ಹಿಂದಿರುಗಿ ಏನು ಮಾಡಿದನು, ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ್ದನೊ ಮಾವಿನಕಾಯಿ ತುರಿದಿದ್ದನೊ, ನಿಲ್ದಾಣದಲ್ಲಿ ಮೊದಲು ಮಾತನಾಡಿದವರು ಯಾರು, ಊರು ಹೇಗಿತ್ತೆಂದು ಅವನು ಕೇಳಿದನೆ, ಇವರು ಹೇಳಲು ಸಂಕೋಚಪಟ್ಟರೆ, ಪರವಾನಗಿಯು ಕೊನೆಗೆ ಬಂದಿತೆ ಎಂಬಿಷ್ಟನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಅಡ್ಡಿಯಿಲ್ಲ.