ಕೋಟೆಯ ಎರಡು ಮುಖಗಳು

ಶಿಲ್ಪವನ್ನು ಅದರ ಉದ್ದೇಶದಿಂದ ಬೇರ್ಪಡಿಸಿ ಹೊಗಳುವುದು ವಿಮರ್ಶೆಯೆನಿಸಲಾರದು. ಐರೋಪ್ಯ ಮಧ್ಯಯುಗದ ಕೋಟೆಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲತಕ್ಕದ್ದು. ಅವು ಕೇವಲ ಯುದ್ಧಸಾಧನಗಳೆಂದು ಬಗೆಯುವವರದು ಒಂದು ಪಕ್ಷ. ಪ್ರಭುಗಳ ವೈಭವಪ್ರದರ್ಶನವೆಂದು ಎಣಿಸುವವರದು ಇನ್ನೊಂದು. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆಯು ಉತ್ತರ ವೇಲ್ಸಿನಲ್ಲಿ ಕಟ್ಟಿಸಿದ ಕೋಟೆಗಳನ್ನು ಪರಿಶೀಲಿಸಿದರೆ, ಎರಡು ಪಕ್ಷದವರೂ ಅರ್ಧಸತ್ಯವನ್ನೇ ಹಿಡಿದಿರುವರೆಂಬುದು ವಿಶದವಾಗುವುದು.

ವೇಲ್ಸಿನ ಅರಸ ಲುವೆಲಿನನು 1282ರಲ್ಲಿ ಹತನಾದನು. ಮರುವರ್ಷವೇ ಕಾನ್ವಿ, ಹಾರ್ಲೆಕ್, ಕೆಯರ್ನಾರ್ವನ್ ಎಂಬ ಮೂರೆಡೆಗಳಲ್ಲಿ ಕೋಟೆಯ ಕೆಲಸ ಮೊದಲಾಯಿತು. ಸವಾಯ್ ಸೀಮೆಯಿಂದ ಬಂದ ಜೇಮ್ಸ್ ಎಂಬ ಸ್ಥಪತಿಯು ಇವುಗಳ ಮೇಲ್ವಿಚಾರಕನಾಗಿದ್ದನು. ಆ ಕಾಲದಲ್ಲಿ ಮೂರಕ್ಕೂ ಹಡಗಿನ ಸಂಪರ್ಕವಿದ್ದುದರಿಂದ, ನೆಲದ ಕಡೆಯಲ್ಲಿ ಮುತ್ತಿಗೆ ಬಿದ್ದರೂ ನೀರಿನ ಕಡೆಯಿಂದ ಧಾನ್ಯ ಒದಗುವಂತಿದ್ದಿತು. ಬುರುಜುಗಳು ಗೋಡೆಯಿಂದ ಮುಂಚಾಚಿಕೊಂಡಿದ್ದುವು. ಗೋಡೆಯ ಬುಡಕ್ಕೆ ಬಂದ ವೈರಿಯ ಮೇಲೆ ಎರಡು ಪಕ್ಕಗಳಿಂದಲೂ ಬಾಣ ಬೀಳುತ್ತಿದ್ದಿತು. ಎಂಟು ಬುರುಜುಗಳ ಕಾನ್ವಿ ಕೋಟೆಗೆ 1284ರಲ್ಲಿ ನೇಮಕವಾದ ಕಾವಲು ಪಡೆ ಕೇವಲ 30 ಮಂದಿ. ಕೆಲವೇ ಜನರಿಂದ ಒಂದು ನಾಡನ್ನೇ ಅಂಕೆಯಲ್ಲಿಡುವುದು ಈ ರಚನೆಯ ಗುರಿ.

ಆದರೆ ಕೆಯರ್ನಾರ್ವನ್ನಿನ ಗೋಡೆಗಳಲ್ಲಿ ಬೇರೆಬೇರೆ ಬಣ್ಣದ ಕಲ್ಲುಗಳ ಪಟ್ಟೆಗಳಿವೆ. ಬುರುಜುಗಳು ದುಂಡಾಗಿರದೆ ಬಹುಕೋನಾಕಾರವಾಗಿವೆ. ಸಮೀಪದಲ್ಲಿಯೇ ರೋಮನರ ಹಳೆಯ ಪಾಳೆಯದ ಅವಶೇಷವಿದೆ. ಈ ಪಟ್ಟೆಗಳಲ್ಲಿ ಕಾನ್‌ಸ್ಟಾಂಟಿನೋಪಲಿನ ಪ್ರಾಕಾರದ ಅನುಕರಣವನ್ನು ಕೆಲವು ಪಂಡಿತರು ಕಾಣುತ್ತಾರೆ, ಕೆಲವರು ಒಪ್ಪುವುದಿಲ್ಲ. ಅದೇನೇ ಇರಲಿ, ಬಾಣವನ್ನು ತಡೆಯುವುದಕ್ಕೆ ಬಣ್ಣದ ಅಗತ್ಯವಿಲ್ಲ. ನೋಡಿದವನ ಮನಸ್ಸನ್ನು ಬಾಗಿಸುವುದಕ್ಕೆ ಅದು ಬೇಕು. ಇಲ್ಲಿ ಅಲಂಕಾರವೂ ಒಂದು ಆಯುಧ.

ಮನಸ್ಸುಗಳು ಬಾಗಿದುವೆ? 1294ರಲ್ಲಿ ದಂಗೆಯೆದ್ದ ವೇಲ್ಸಿನವರು, ಇನ್ನೂ ಮುಗಿಯದಿದ್ದ ಕೆಯರ್ನಾರ್ವನ್ನನ್ನು ಹಿಡಿದು ಸುಟ್ಟರು. 1401ರ ಶುಭ ಶುಕ್ರವಾರ, ಕಾವಲುಗಾರರು ಪ್ರಾರ್ಥನೆಗೆ ಹೋಗಿದ್ದ ವೇಳೆಯಲ್ಲಿ, ಕಾನ್ವಿ ಕೋಟೆಯು ಉಪಾಯದಿಂದ ಅವರ ವಶವಾಯಿತು. ಅಂದು ಸೋತದ್ದು ಗೋಡೆಯಲ್ಲ, ಕಾವಲು. ಕಲ್ಲಿನಿಂದ ಭಯವನ್ನು ಕಟ್ಟಬಹುದು, ನಿಷ್ಠೆಯನ್ನು ಕಟ್ಟಲಾಗದು.

ಈ ಭಯಕ್ಕೆ ತೆತ್ತ ಬೆಲೆಯನ್ನೂ ಗಣಿಸಬೇಕು. ಕಾನ್ವಿಯಲ್ಲಿ, ಹತನಾದ ಲುವೆಲಿನನ ಅಜ್ಜನನ್ನು ಹೂಳಿದ್ದ ಸಂನ್ಯಾಸಿಗಳ ಮಠವನ್ನು ಬೇರೆಡೆಗೆ ಎಬ್ಬಿಸಿ, ಆ ಸ್ಥಳದಲ್ಲಿ ಇಂಗ್ಲಿಷರಿಗಾಗಿ ಊರುಗೋಟೆಯ ಪಟ್ಟಣವನ್ನು ಕಟ್ಟಿದರು. ಯುನೆಸ್ಕೋ ಸಂಸ್ಥೆಯು 1986ರಲ್ಲಿ ಈ ಮೂರನ್ನೂ ಬೋಮಾರಿಸ್ ಕೋಟೆಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಅವುಗಳಿಗೆ ಕೊಟ್ಟ ಹೆಸರಿನಲ್ಲಿ ಎಡ್ವರ್ಡ್ ದೊರೆಯ ನಾಮವಿದೆ. ಕಟ್ಟಿಸಿದವನ ಹೆಸರು ನಿಲ್ಲುವುದು ಲೋಕರೂಢಿ. ಯಾರನ್ನು ಅಡಗಿಸಲೆಂದು ಕಟ್ಟಿಸಿದನೋ ಅವರನ್ನು ಕೂಡ ನೆನೆಯುವುದು ವಿಮರ್ಶಕನ ಧರ್ಮ. ಆ ಬುರುಜುಗಳ ಸೌಂದರ್ಯವನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಅದು ಯಾರ ಕಡೆಗೆ ಮುಖಮಾಡಿ ನಿಂತಿತ್ತೆಂಬುದನ್ನು ಮರೆಯದಿದ್ದರೆ ಸಾಕು.